ಗೃಹವೈದ್ಯ: ಪೊರೆಯ ಗಂಟು

ಈ ತಿಂಗಳು ನಮಗೆ ಬಂದ ಕಾಗದಗಳಲ್ಲಿ ಒಂದನ್ನು ಮಾತ್ರ ಎತ್ತಿಕೊಂಡು ಉಳಿದವನ್ನು ಮುಂದಕ್ಕಿಟ್ಟಿರುವೆವು. ನೆಗಡಿ, ಅಜೀರ್ಣ, ಕೂದಲುದುರುವಿಕೆ ಇವುಗಳ ವಿಷಯವಾಗಿ ಪ್ರಶ್ನೆ ಕೇಳಿರುವ ವಾಚಕರು ಮನ್ನಿಸಬೇಕು. ಅವು ಒಂದು ತಿಂಗಳು ಕಾಯಬಲ್ಲ ವ್ಯಾಧಿಗಳು. ಈ ಕಾಗದವನ್ನು ಬರೆದ ಸೋದರಿಗೆ ಅಂಚೆಯ ಮೂಲಕ ಆಗಲೇ ಉತ್ತರ ಹೋಗಿದೆ. ಅವರ ಒಪ್ಪಿಗೆಯನ್ನು ಪಡೆದು, ಹೆಸರನ್ನೂ ಊರನ್ನೂ ಬಿಟ್ಟು, ಆ ಉತ್ತರವನ್ನೇ ವಿಸ್ತರಿಸಿ ಇಲ್ಲಿ ಕೊಡುವೆವು. ಏಕೆಂದರೆ ಅವರ ಮನೆಗೆ ಬಂದಂಥ ಹಾಳೆಯೊಂದು ಯಾವ ಮನೆಗಾದರೂ ಬರಬಹುದು.

ಬರೆದವರು ಒಂದು ಮನೆಯ ಸೊಸೆ. ಅವರ ಅತ್ತೆಯವರಿಗೆ ೬೨ ವರ್ಷ. ಎರಡು ವರ್ಷಗಳಿಂದೀಚೆಗೆ ಆ ತಾಯಿಗೆ ಒಲೆಯ ಮೇಲಿನ ಒಗ್ಗರಣೆ ಸೀದುಹೋದರೂ ತಿಳಿಯದಾಯಿತು. ಹಾಲು ಉಕ್ಕಿ ತಳಹತ್ತಿ ಮನೆಯೆಲ್ಲ ಕಮಟು ಹರಡಿದರೂ ಅವರು ಪಕ್ಕದಲ್ಲಿಯೇ ಕುಳಿತಿರುತ್ತಿದ್ದರು. ಮಲ್ಲಿಗೆಯ ದಂಡೆಯನ್ನು ಕೈಗಿತ್ತರೆ ಮೊದಲಿನಂತೆ ಮೂಗಿನ ಬಳಿಗೆ ಒಯ್ಯದೆ ತಟ್ಟೆಯ ಮೇಲಿಟ್ಟುಬಿಡುತ್ತಿದ್ದರು. ಬರಬರುತ್ತ ಬಾಗಿಲ ರಂಗೋಲಿ ನಿಂತಿತು. ಮೊಮ್ಮಕ್ಕಳಿಗೆ ಕಥೆ ಹೇಳುವುದು ನಿಂತಿತು. ಕುಳಿತಲ್ಲಿಯೇ ಕುಳಿತಿರುವುದು ಹೆಚ್ಚಾಯಿತು. ‘ವಯಸ್ಸಾಯಿತು’ ಎಂದರು ಮನೆಯವರು. ‘ಸೊಸೆ ಬಂದಳಲ್ಲ, ಇನ್ನೇಕೆ ಮೈ ಬಗ್ಗಿಸಬೇಕು’ ಎಂದರು ನೆರೆಯವರು. ವೈದ್ಯರೊಬ್ಬರು ಮನಸ್ಸಿನ ಬೇಸರಕ್ಕೆಂದು ಗುಳಿಗೆ ಕೊಟ್ಟರು. ಹೀಗಿರಲಾಗಿ, ಒಂದು ದಿನ ಬೆಳಗ್ಗೆ ಬಚ್ಚಲಮನೆಯ ಬಾಗಿಲಲ್ಲಿ ಫಿಟ್ಸ್ ಬಂದು ಬಿದ್ದರು. ಆಸ್ಪತ್ರೆಗೆ ಸೇರಿಸಿದರು, ತಲೆಯ ಎಂ.ಆರ್.ಐ. ಚಿತ್ರ ತೆಗೆಸಿದರು.

ಆ ಚಿತ್ರದೊಡನೆ ಬಂದ ವರದಿಯನ್ನು ಸೋದರಿಯು ತಮ್ಮ ಕೈಯಿಂದಲೇ ನಕಲುಮಾಡಿ ಕಳುಹಿಸಿರುವರು. ಅದರಲ್ಲಿರುವ ಮಾತುಗಳಿವು: ಎಕ್ಸ್‌ಟ್ರಾ-ಆಕ್ಸಿಯಲ್ ಗಡ್ಡೆ; ಅಗಲವಾದ ಡ್ಯೂರಲ್ ಬೇಸ್; ಟಿ-೧ರಲ್ಲಿಯೂ ಟಿ-೨ರಲ್ಲಿಯೂ ಬೂದು ಭಾಗಕ್ಕೆ ಸಮನಾದ ಛಾಯೆ; ಔಷಧಿ ಕೊಟ್ಟ ಮೇಲೆ ಎಲ್ಲೆಡೆಯೂ ಒಂದೇ ಸಮನಾದ ಹೊಳಪು; ಡ್ಯೂರಲ್ ಟೈಲ್ ಉಂಟು; ಸುತ್ತಣ ಮಿದುಳಿನಲ್ಲಿ ಎಡೀಮ; ಸ್ಥಾನ, ಆಲ್ಫ್ಯಾಕ್ಟರಿ ಗ್ರೂವ್; ಅಳತೆ, ೪.೮ ಸೆಂಟಿಮೀಟರು. ಕೊನೆಗೆ, ‘ಬೆನೈನ್ ಮೆನಿಂಜಿಯೋಮ ಎಂಬುದಕ್ಕೆ ಹೊಂದುವ ಲಕ್ಷಣಗಳು.’

‘ಬ್ರೈನ್ ಟ್ಯೂಮರ್’ ಎಂದು ಕೇಳಿದ ಕೂಡಲೇ ಮಾವನವರು ದೇವರ ಮನೆಯನ್ನು ಹೊಕ್ಕು ಬಾಗಿಲಿಕ್ಕಿಕೊಂಡರಂತೆ. ಅತ್ತೆಯವರಿಗೆ ಮಾತ್ರ ಯಾರೂ ಏನೂ ಹೇಳಿಲ್ಲ; ತಲೆಯಲ್ಲಿ ಸ್ವಲ್ಪ ನೀರು ಸೇರಿದೆ ಎಂದು ನಂಬಿಸಿರುವರು. ಸೋದರಿಯ ಪ್ರಶ್ನೆ ಇದು: ‘ತಲೆಬುರುಡೆಯನ್ನು ತೆರೆಯದೆ, ಗಡ್ಡೆಯ ಒಂದು ಚೂರನ್ನೂ ಪರೀಕ್ಷಿಸದೆ, ಬರಿಯ ಚಿತ್ರವನ್ನು ನೋಡಿ ಇದು ಸೌಮ್ಯವಾದುದೆಂದು ಹೇಗೆ ಬರೆದರು? ನಮ್ಮನ್ನು ಸಮಾಧಾನಪಡಿಸಲು ಬರೆದುದಲ್ಲವಷ್ಟೆ?’

ಪ್ರಶ್ನೆ ಬಹು ಯುಕ್ತವಾದುದು. ಚಿತ್ರವು ಗಡ್ಡೆಯ ಗುಣವನ್ನು ನೇರವಾಗಿ ಹೇಳುವುದಿಲ್ಲ. ಅದು ಎಲ್ಲಿ ಹುಟ್ಟಿತೆಂಬುದನ್ನು ಹೇಳುವುದು. ಹುಟ್ಟಿದ ಮನೆ ತಿಳಿದರೆ ಕುಲವನ್ನು ಬಹುಮಟ್ಟಿಗೆ ಊಹಿಸಬಹುದು. ಈ ಗಡ್ಡೆ ಮಿದುಳಿನದಲ್ಲ, ಮಿದುಳಿನ ಹೊದಿಕೆಯದು. ಆ ವರದಿಯಲ್ಲಿರುವ ಮಾತುಗಳಲ್ಲಿ ಹೆಚ್ಚಿನವು ಇದೊಂದನ್ನೇ ಬೇರೆ ಬೇರೆ ಬಗೆಯಾಗಿ ಹೇಳುತ್ತಿರುವುವು.

ತೆಂಗಿನಕಾಯಿಯನ್ನು ಒಡೆಯುವ ಗೃಹಿಣಿಯರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಕರಟವೇ ತಲೆಬುರುಡೆ ಎಂದಿಟ್ಟುಕೊಳ್ಳಿರಿ, ಕೊಬ್ಬರಿಯೇ ಮಿದುಳು. ಕೊಬ್ಬರಿಯ ಬೆನ್ನಿಗೆ ಬಿಡದೆ ಅಂಟಿರುವ ಕಂದು ಸಿಪ್ಪೆಯಂತೆ ಮಿದುಳಿಗೂ ಒಂದು ತೆಳುವಾದ ಒಳಪೊರೆಯುಂಟು. ಮಿದುಳಿನ ಏರುತಗ್ಗುಗಳಲ್ಲೆಲ್ಲ ಅದೂ ಏರಿಳಿದು ಹೋಗುವುದು. ಕರಟದ ಒಳಮೈಗೆ ಅಂಟಿದಂತೆ ಗಟ್ಟಿಯಾದ ಹೊರಪೊರೆಯೊಂದಿದೆ. ಡ್ಯೂರಾ ಎಂಬುದು ಇದೇ. ಇವೆರಡರ ನಡುವೆ ಜೇಡನ ಬಲೆಯಂತಿರುವ ಮೂರನೆಯದೊಂದು ಪೊರೆ. ಬಲೆಯ ಪೊರೆಗೂ ಒಳಪೊರೆಗೂ ನಡುವೆ ತಿಳಿನೀರು ಹರಿಯುತ್ತಿರುವುದು. ಉಪಮಾನವು ಇಲ್ಲಿಗೆ ಸಾಕು. ಎಳನೀರು ಕೊಬ್ಬರಿಯ ಒಳಗಿರುವುದು, ಈ ನೀರಾದರೋ ಮಿದುಳಿನ ಒಳಗೂ ಇರುವುದು, ಹೊರಗೂ ಸುತ್ತಿಕೊಂಡಿರುವುದು. ಆ ಬಲೆಪೊರೆಯ ಕೆಲವು ಜೀವಕಣಗಳಿಂದ ಹುಟ್ಟಿ, ಹೊರಪೊರೆಯನ್ನು ಅವಲಂಬಿಸಿ, ಒಳಮುಖವಾಗಿ ಬೆಳೆಯುವ ಗಂಟಿಗೆ ೧೯೨೨ರಲ್ಲಿ ಹಾರ್ವೆ ಕುಷಿಂಗ್ ಎಂಬ ಅಮೆರಿಕದ ಶಸ್ತ್ರವೈದ್ಯರು ಮೆನಿಂಜಿಯೋಮ ಎಂಬ ಹೆಸರನ್ನಿಟ್ಟರು. ಅದಕ್ಕೆ ಮುಂಚೆ ಇದಕ್ಕೆ ಹತ್ತಾರು ಹೆಸರುಗಳಿದ್ದು, ಒಬ್ಬರು ಹೇಳಿದುದು ಮತ್ತೊಬ್ಬರಿಗೆ ತಿಳಿಯದಂತಾಗಿದ್ದಿತು.

ಇನ್ನು ಯಂತ್ರದ ವಿಷಯ. ಎಂ.ಆರ್.ಐ. ಎಂಬುದು ಎಕ್ಸ್-ರೇ ಅಲ್ಲ. ಅದರಲ್ಲಿ ಆ ಕಿರಣಗಳ ಸೋಂಕೇ ಇಲ್ಲ. ನಮ್ಮ ದೇಹದ ಬಹುಭಾಗ ನೀರಷ್ಟೆ. ನೀರಿನ ಒಂದೊಂದು ಕಣದಲ್ಲಿಯೂ ಇರುವ ಜಲಜನಕದ ಪರಮಾಣುಗರ್ಭವು ಅತ್ಯಂತ ಸಣ್ಣದಾದ ಅಯಸ್ಕಾಂತದಂತೆ ವರ್ತಿಸುವುದು. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ ೧.೫ ಟೆಸ್ಲಾ ಯಂತ್ರದ ಶಕ್ತಿಯು ಭೂಮಿಯ ಅಯಸ್ಕಾಂತಶಕ್ತಿಗಿಂತ ಸುಮಾರು ೩೦,೦೦೦ ಪಾಲು ಹೆಚ್ಚಿನದು. ಅದರೊಳಗೆ ಮಲಗಿದವರ ಮೈಯ ಈ ಕಿರಿಯ ಅಯಸ್ಕಾಂತಗಳಲ್ಲಿ ಒಂದಂಶವು ಅದರ ದಿಕ್ಕಿಗೆ ತಿರುಗಿ ನಿಲ್ಲುವುದು. ರೇಡಿಯೋ ಅಲೆಯಿಂದ ಅವನ್ನು ಒಮ್ಮೆ ಅಲುಗಿಸಿ ಬಿಟ್ಟರೆ, ಮತ್ತೆ ಮೊದಲಿನಂತಾಗುವಾಗ ಅವು ತಾವೂ ಒಂದು ಕ್ಷೀಣವಾದ ಅಲೆಯನ್ನು ಹೊರಡಿಸುವುವು. ಹಾಗೆ ಮರಳಲು ಹಿಡಿಯುವ ಕಾಲವು ನೀರಿನಲ್ಲಿ ಒಂದು, ಕೊಬ್ಬಿನಲ್ಲಿ ಒಂದು, ಮಿದುಳಿನಲ್ಲಿ ಇನ್ನೊಂದು. ಆ ವ್ಯತ್ಯಾಸವನ್ನೇ ಕಪ್ಪುಬಿಳುಪುಗಳಾಗಿ ಬರೆದರೆ ಚಿತ್ರವಾಗುವುದು. ಇದರಿಂದ ಚಿತ್ರ ಬರೆಯುವ ಮಾರ್ಗವನ್ನು ೧೯೭೩ರಲ್ಲಿ ತೋರಿಸಿದ ಪಾಲ್ ಲಾಟರ್‌ಬರ್ ಅವರಿಗೂ, ಅದನ್ನು ಬೆಳೆಸಿದ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ ೨೦೦೩ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಒಂದೇ ತಲೆಯನ್ನು ಯಂತ್ರವು ಹಲವು ಬಗೆಯಾಗಿ ಚಿತ್ರಿಸುವುದು. ಟಿ-೧ ಎಂಬ ಬಗೆಯಲ್ಲಿ ನೀರು ಕಪ್ಪಾಗಿ ಕಾಣುವುದು. ಟಿ-೨ ಎಂಬುದರಲ್ಲಿ ಬೆಳ್ಳಗೆ ಕಾಣುವುದು. ವರದಿಯನ್ನು ಓದುವವರು ಇಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು.

ಈಗ ಸೋದರಿಯ ಹಾಳೆಗೆ ಬರೋಣ. ಮೊದಲನೆಯ ಮಾತಾದ ಎಕ್ಸ್‌ಟ್ರಾ-ಆಕ್ಸಿಯಲ್ ಎಂಬುದಕ್ಕೆ ಮಿದುಳಿನ ಹೊರಗೆ ಎಂದರ್ಥ. ಬುರುಡೆಯ ಒಳಗೆ ಹೌದು, ಮಿದುಳಿನ ಒಳಗೆ ಅಲ್ಲ. ಈ ಒಂದು ಮಾತಿನ ಬೆಲೆ ಎಷ್ಟೆಂಬುದನ್ನು ಮಾವನವರಿಗೆ ಯಾರಾದರೂ ಆ ದಿನವೇ ಬಿಡಿಸಿ ಹೇಳಿದ್ದರೆ ದೇವರ ಮನೆಯ ಬಾಗಿಲು ಅಷ್ಟು ಹೊತ್ತು ಮುಚ್ಚಿರುತ್ತಿರಲಿಲ್ಲ. ಮಿದುಳಿನ ಒಳಗೇ ಹುಟ್ಟುವ ಗಡ್ಡೆಗಳಲ್ಲಿ ಅನೇಕವು ಬೇರು ಬಿಟ್ಟಂತೆ ಹಬ್ಬುವುವು. ಇಲ್ಲಿಗೆ ಗಡ್ಡೆ ಮುಗಿಯಿತು, ಇಲ್ಲಿಂದ ಮಿದುಳು ಎಂದು ಗೆರೆ ಹಾಕಲು ಬಾರದು. ಪೊರೆಯ ಗಂಟು ಹಾಗಲ್ಲ. ಅದು ಗೋಡೆಯಲ್ಲಿ ಹುಟ್ಟಿದ ಗುಬುಟು. ಮಿದುಳನ್ನು ತಿನ್ನುವುದಿಲ್ಲ, ತಳ್ಳುವುದು.

ಹೊರಗೆ ಇದೆಯೆಂಬುದನ್ನು ಚಿತ್ರದಲ್ಲಿ ಹೇಗೆ ಅರಿಯುವರು? ಇದೇ ಸ್ವಾರಸ್ಯವಾದ ಭಾಗ. ಹೊರಗಿನಿಂದ ಒತ್ತುವ ವಸ್ತುವಿಗೂ ಮಿದುಳಿಗೂ ನಡುವೆ, ನಾವು ಮೇಲೆ ಹೇಳಿದ ತಿಳಿನೀರಿನ ಒಂದು ಪದರವು ಸಿಕ್ಕಿಕೊಂಡಿರುವುದು. ಟಿ-೨ ಚಿತ್ರದಲ್ಲಿ ಅದು ಗಡ್ಡೆಯ ಅಂಚನ್ನು ಬಳಸಿ ಬಂದ ಬೆಳ್ಳನೆಯ ಗೆರೆಯಾಗಿ ತೋರುವುದು. ಅಕ್ಕಿಹಿಟ್ಟಿನಿಂದ ಎಳೆದ ಒಂದೆಳೆಯ ರಂಗೋಲಿಯಂತೆ. ಮಿದುಳಿನ ಮೇಲ್ಮೈಯಲ್ಲಿರಬೇಕಾದ ರಕ್ತನಾಳಗಳೂ ಆ ಗೆರೆಯಲ್ಲಿ ಕರಿಯ ಚುಕ್ಕೆಗಳಾಗಿ ಕಾಣಬಹುದು. ಗೆರೆಯ ಆಚೆಗೆ ಮಿದುಳಿನ ಬೂದು ಪದರವು ಹರಿದಿರುವುದಿಲ್ಲ, ಕರಗಿರುವುದಿಲ್ಲ. ಮಗು ಮೊಣಕಾಲೂರಿದ ಹಾಸಿಗೆಯಂತೆ ಒಳಕ್ಕೆ ಬಾಗಿ, ಮಡಿಕೆ ಮಡಿಕೆಯಾಗಿ ಒತ್ತಿಕೊಂಡಿರುವುದು. ಚಿತ್ರವನ್ನು ಓದುವ ವೈದ್ಯರು ಮೊದಲು ಹುಡುಕುವುದು ಗಡ್ಡೆಯನ್ನಲ್ಲ, ಈ ಗೆರೆಯನ್ನೂ ಈ ಬಾಗನ್ನೂ. ಗಂಟು ಬಹಳ ದೊಡ್ಡದಾಗಿ ಒತ್ತಡ ಹೆಚ್ಚಿದಾಗ ಗೆರೆಯು ಅಲ್ಲಲ್ಲಿ ಅಳಿಸಿಹೋಗುವುದೂ ಉಂಟು.

ಎರಡನೆಯದು, ಅಗಲವಾದ ತಳ. ಗಂಟು ಹೊರಪೊರೆಯ ಮೇಲೆ ಮಗುಚಿಟ್ಟ ಬಟ್ಟಲಿನಂತೆ ಕುಳಿತಿರುವುದು. ಚಪ್ಪಟೆಯಾದ ಕಡೆ ಮೂಳೆಗೆ, ಉಬ್ಬಿದ ಕಡೆ ಮಿದುಳಿಗೆ. ಅದು ಕುಳಿತ ಎಡೆಯಲ್ಲಿ ಮೂಳೆಯು ಕೆಲವರಲ್ಲಿ ದಪ್ಪವಾಗಿರುವುದು. ಎಂ.ಆರ್.ಐ. ಹುಟ್ಟುವುದಕ್ಕೆ ಎಷ್ಟೋ ಮೊದಲು, ಸಾಧಾರಣವಾದ ಎಕ್ಸ್-ರೇ ಚಿತ್ರದಲ್ಲಿ ಈ ದಪ್ಪ ಮೂಳೆಯನ್ನು ಕಂಡೇ ವೈದ್ಯರು ಒಳಗಣ ಗಂಟನ್ನು ಊಹಿಸುತ್ತಿದ್ದರು. ಈಗಲೂ ಮೂಳೆಯನ್ನೂ, ಗಂಟಿನೊಳಗೆ ಸೇರಿದ ಸುಣ್ಣವನ್ನೂ ಚೆನ್ನಾಗಿ ತೋರಿಸುವುದು ಸಿ.ಟಿ. ಎಂಬ ಇನ್ನೊಂದು ಯಂತ್ರ. ಎಂ.ಆರ್.ಐ. ಆದ ಮೇಲೆ ಸಿ.ಟಿ.ಯನ್ನೂ ತೆಗೆಸಲು ಹೇಳಿದರೆ, ಹಣ ಸುಲಿಯುವ ಹಂಚಿಕೆಯೆಂದು ಕೂಡಲೇ ತಿಳಿಯಬೇಕಾದುದಿಲ್ಲ.

ಮೂರನೆಯದು ಛಾಯೆಯ ಮಾತು. ‘ಬೂದು ಭಾಗಕ್ಕೆ ಸಮನಾದ ಛಾಯೆ’ ಎಂದರೆ, ಔಷಧಿ ಕೊಡುವ ಮೊದಲು ಗಂಟಿನ ಬಣ್ಣವೂ ಮಿದುಳಿನ ಹೊರಪದರದ ಬಣ್ಣವೂ ಹೆಚ್ಚುಕಡಮೆ ಒಂದೇ ಎಂದರ್ಥ. ಹಸುರು ಗಿಣಿಯು ಹಸುರೆಲೆಗಳ ನಡುವೆ ಕುಳಿತಂತೆ. ಇದರಿಂದ ಒಂದು ಕಾಲದಲ್ಲಿ ಫಜೀತಿಯೇ ಆಯಿತು. ೧೯೮೦ರ ದಶಕದ ಮೊದಲಲ್ಲಿ ಎಂ.ಆರ್.ಐ. ಯಂತ್ರಗಳು ಆಸ್ಪತ್ರೆಗಳಿಗೆ ಬಂದಾಗ, ಮಿದುಳಿನ ಇತರ ವ್ಯಾಧಿಗಳನ್ನು ಅಷ್ಟು ಸೊಗಸಾಗಿ ತೋರಿಸಿದ ಅದು ಈ ಸಾಧುವಾದ ಗಂಟನ್ನು, ಮುಖ್ಯವಾಗಿ ಚಿಕ್ಕದನ್ನು, ಕಾಣದೆ ಬಿಟ್ಟುಬಿಡುತ್ತಿದ್ದಿತು. ಔಷಧಿ ಸಹಿತವಾದ ಹಳೆಯ ಸಿ.ಟಿ.ಯೇ ಮೇಲೆನಿಸಿತು. ಗ್ಯಾಡೋಲಿನಿಯಂ ಎಂಬ ಲೋಹದಿಂದ ಮಾಡಿದ ಚುಚ್ಚುಮದ್ದು ೧೯೮೮ರಲ್ಲಿ ಬಳಕೆಗೆ ಬಂದ ಮೇಲೆ ಆ ಕೊರತೆ ತೀರಿತು.

ಆ ಮದ್ದಿನ ಕೆಲಸ ಹೀಗೆ: ಮಿದುಳಿನ ರಕ್ತನಾಳಗಳಿಗೆ ಒಂದು ಬಗೆಯ ಕಾವಲಿದೆ. ನೆತ್ತರಿನಲ್ಲಿ ಬಂದ ಪರವಸ್ತುವನ್ನು ಅವು ಸುಲಭವಾಗಿ ಮಿದುಳಿಗೆ ಬಿಟ್ಟುಕೊಡವು. ಪೊರೆಯ ಗಂಟಿಗೆ ನೆತ್ತರು ಬರುವುದು ಹೆಚ್ಚಾಗಿ ಹೊರಪೊರೆಯ ನಾಳಗಳಿಂದ. ಗಂಟಿನೊಳಗಿನ ನಾಳಗಳಿಗೆ ಆ ಕಾವಲಿಲ್ಲ. ಆದುದರಿಂದ ಕೈಯ ರಕ್ತನಾಳದಲ್ಲಿ ಕೊಟ್ಟ ಗ್ಯಾಡೋಲಿನಿಯಂ ಗಂಟಿನೊಳಕ್ಕೆ ಧಾರಾಳವಾಗಿ ಸೋರುವುದು. ಸೋರಿದಲ್ಲೆಲ್ಲ ಟಿ-೧ ಚಿತ್ರವು ಬೆಳ್ಳಗಾಗುವುದು. ಮಿದುಳು ಬೂದಾಗಿಯೇ ಉಳಿದು, ಗಂಟು ಮಾತ್ರ ಅಂಚಿನಿಂದ ಅಂಚಿಗೆ ಹುಣ್ಣಿಮೆಯ ಚಂದ್ರನಂತೆ ಬೆಳಗುವುದು. ಮಾವನವರನ್ನು ಹೆದರಿಸಿದ ಆ ಬಿಳಿಯ ಮುದ್ದೆ ಇದೇ. ಹೊಳಪು ಹೆಚ್ಚಾದರೆ ರೋಗ ಕ್ರೂರವೆಂದು ಜನರು ತಿಳಿಯುವರು. ಒಂದೇ ಸಮನಾದ ಹೊಳಪು ಈ ಗಂಟಿನ ಸ್ವಭಾವ. ಮಿದುಳಿನೊಳಗಣ ಕ್ರೂರ ಗಡ್ಡೆಗಳಾದರೋ ನಡುವೆ ಕೊಳೆತು, ಉಂಗುರದಂತೆ ಅಂಚಿನಲ್ಲಿ ಮಾತ್ರ ಹೊಳೆಯುವುದು ಹೆಚ್ಚು.

ಇಲ್ಲಿ ಒಂದು ವಿನೋದವನ್ನು ಹೇಳದೆ ಇರಲಾರೆವು. ರಕ್ತನಾಳಗಳಿಗೆ ಬಣ್ಣದ ಔಷಧಿ ಹಾಕಿ ಎಕ್ಸ್-ರೇ ತೆಗೆಯುವ ಆಂಜಿಯೋಗ್ರಾಂ ಎಂಬ ಪರೀಕ್ಷೆಯಲ್ಲಿ, ಔಷಧಿಯು ಈ ಗಂಟಿಗೆ ಬೇಗನೆ ಬಂದು ಬಹಳ ಹೊತ್ತು ನಿಲ್ಲುವುದರಿಂದ, ಪಾಶ್ಚಾತ್ಯ ವೈದ್ಯರು ಇದಕ್ಕೆ ‘ಅತ್ತೆಯ ಲಕ್ಷಣ’ ಎಂದು ಹೆಸರಿಟ್ಟಿರುವರು: ಬೇಗ ಬರುವಳು, ತಡವಾಗಿ ಹೋಗುವಳು ಎಂದು. ಅತ್ತೆಯ ಸಲುವಾಗಿ ನಾಲ್ಕು ಪುಟ ತುಂಬ ಕಣ್ಣೀರಿನ ಕಾಗದ ಬರೆದ ಈ ಸೊಸೆಯನ್ನು ಆ ವೈದ್ಯರು ಕಂಡಿರಲಿಲ್ಲ.

ನಾಲ್ಕನೆಯದು ಬಾಲ. ಗಂಟಿನ ಅಂಚಿನಿಂದ ಹೊರಪೊರೆಯ ಗುಂಟ, ಕ್ರಮೇಣ ತೆಳುವಾಗುತ್ತ ಹೋಗುವ ಹೊಳೆಯುವ ಎಳೆಯೊಂದು ಬಹುಮಂದಿಯಲ್ಲಿ ಕಾಣುವುದು. ಅದೇ ಡ್ಯೂರಲ್ ಟೈಲ್. ಗಂಟು ಪೊರೆಗೆ ಸೇರಿದುದೆಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಆದರೆ ಒಂದೇ ಸಾಕ್ಷಿಯನ್ನು ನೆಚ್ಚಿ ತೀರ್ಪು ಹೇಳಬಾರದು. ಪೊರೆಯನ್ನು ಕೆರಳಿಸುವ ಬೇರೆ ವ್ಯಾಧಿಗಳಲ್ಲಿಯೂ ಬಾಲವು ಕಾಣಬಹುದು. ಬಾಲದೊಳಗೆ ಕೆಲವರಲ್ಲಿ ಗಂಟಿನ ಕಣಗಳೇ ಇರುವುವು. ಕೆಲವರಲ್ಲಿ ಪೊರೆಯು ಸುಮ್ಮನೆ ದಪ್ಪವಾಗಿರುವುದು. ಚಿತ್ರದಲ್ಲಿ ಎರಡೂ ಒಂದೇ ತೆರನಾಗಿ ಹೊಳೆಯುವುವು.

ಉಳಿದುದು ಎಡೀಮ, ಎಂದರೆ ಗಂಟಿನ ನೆರೆಯಲ್ಲಿ ಮಿದುಳು ನೀರುಂಡು ಬಾತಿರುವುದು. ಸೌಮ್ಯವಾದ ಗಂಟಿನ ಸುತ್ತಲೂ ಇದು ಇರಬಹುದು. ಇದ್ದಮಾತ್ರಕ್ಕೆ ಕ್ಯಾನ್ಸರ್ ಎನ್ನಲಾಗದು. ಫಿಟ್ಸ್ ಬರುವುದಕ್ಕೂ ಮನಸ್ಸು ಮಂಕಾಗುವುದಕ್ಕೂ ಈ ಬಾವೂ ಕಾರಣವಾಗಬಲ್ಲುದು. ‘ತಲೆಯಲ್ಲಿ ನೀರು ಸೇರಿದೆ’ ಎಂದು ಮನೆಯವರು ಅತ್ತೆಯವರಿಗೆ ಹೇಳಿದ ಸುಳ್ಳಿನಲ್ಲಿ ಇಷ್ಟು ಮಾತ್ರ ನಿಜ.

ಹಾಗಾದರೆ ಒಗ್ಗರಣೆಯ ಸೀಕು ಏಕೆ ತಿಳಿಯಲಿಲ್ಲ? ಆಲ್ಫ್ಯಾಕ್ಟರಿ ಗ್ರೂವ್ ಎಂಬುದು ಮೂಗಿನ ಮೇಲ್ಗಡೆ, ಬುರುಡೆಯ ನೆಲದಲ್ಲಿರುವ ಒಂದು ತೋಡು. ವಾಸನೆಯನ್ನು ಒಯ್ಯುವ ನರಗಳು ಮಲಗಿರುವ ಜಾಗವೇ ಅದು. ಗಂಟು ಅಲ್ಲಿ ಹುಟ್ಟಿ ಮೊದಲು ಆ ನರಗಳನ್ನು ಒತ್ತಿತು, ವಾಸನೆ ಹೋಯಿತು. ವಾಸನೆಯು ಕಣ್ಣು ಕಿವಿಗಳಂತಲ್ಲ, ಮೆಲ್ಲಮೆಲ್ಲನೆ ಹೋದರೆ ಹೋದವರಿಗೇ ಅರಿವಾಗುವುದಿಲ್ಲ. ಆಮೇಲೆ ಗಂಟು ಮೇಲಕ್ಕೆ ಬೆಳೆದು ಹಣೆಯ ಹಿಂದಣ ಮಿದುಳನ್ನು ಎತ್ತಿ ಹಿಡಿಯಿತು. ಮಾಡಬೇಕೆಂಬ ಹುರುಪು, ಹಠ, ಆಸಕ್ತಿ ಇವುಗಳ ಸ್ಥಾನ ಅಲ್ಲಿ. ಅವು ಒಂದೊಂದಾಗಿ ಆರಿದುವು. ಇನ್ನೂ ಹಿಂದಕ್ಕೆ ಬೆಳೆದರೆ ಕಣ್ಣಿನ ನರಗಳನ್ನು ಮುಟ್ಟಿ ದೃಷ್ಟಿಯನ್ನು ಮಂಕುಮಾಡುವುದು. ಇಂಥ ಗಂಟುಗಳಲ್ಲಿ ಅನೇಕವು ವರ್ಷಕ್ಕೆ ಒಂದೆರಡು ಮಿಲಿಮೀಟರಿನಷ್ಟು ಮಾತ್ರ ಬೆಳೆಯುವುವೆಂಬುದನ್ನು ನೆನೆದರೆ, ಆ ತಾಯಿಯ ತಲೆಯಲ್ಲಿ ಇದು ಎಷ್ಟು ಕಾಲದಿಂದ ಇದ್ದಿರಬೇಕೆಂಬುದು ತಿಳಿಯುವುದು. ಅವರು ಸೋಮಾರಿಯಾಗಲಿಲ್ಲ. ನೆರೆಯವರು ಈ ಪುಟವನ್ನು ಓದುವವರಾಗಿದ್ದರೆ ಒಳ್ಳೆಯದು.

ಚಿತ್ರವು ಹೇಳಲಾರದ ಸಂಗತಿಗಳೂ ಉಂಟು. ಅವನ್ನು ಮುಚ್ಚಿಟ್ಟು ಸಮಾಧಾನ ಹೇಳುವುದು ಸರಿಯಲ್ಲ. ಪೊರೆಯ ಗಂಟುಗಳನ್ನು ವಿಶ್ವ ಆರೋಗ್ಯ ಸಂಸ್ಥೆಯವರು ಮೂರು ದರ್ಜೆಗಳಾಗಿ ವಿಂಗಡಿಸಿರುವರು. ನೂರಕ್ಕೆ ಸುಮಾರು ಎಂಬತ್ತು ಮೊದಲನೆಯ ದರ್ಜೆಯವು, ಎಂದರೆ ಸೌಮ್ಯವಾದುವು. ಎರಡನೆಯ ದರ್ಜೆಯವು ಮರಳಿ ಬೆಳೆಯುವ ಚಪಲವುಳ್ಳವು. ಮೂರನೆಯವು ಕ್ರೂರವಾದರೂ ಬಹಳ ಅಪರೂಪ. ಇವು ಮೂರೂ ಚಿತ್ರದಲ್ಲಿ ಒಂದನ್ನೊಂದು ಹೋಲಬಹುದು. ಬೇರೆ ಅಂಗದ ಕ್ಯಾನ್ಸರು ಪೊರೆಗೆ ಬಂದು ನೆಲಸಿದರೂ, ನಮ್ಮ ದೇಶದಲ್ಲಿ ಇನ್ನೂ ಅಳಿಯದಿರುವ ಕ್ಷಯರೋಗದ ಗಂಟು ಪೊರೆಯಲ್ಲಿ ಹುಟ್ಟಿದರೂ, ಇದೇ ವೇಷವನ್ನು ತಾಳಬಲ್ಲುವು. ಆದಕಾರಣವೇ ಆ ವೈದ್ಯರು ‘ಸೌಮ್ಯವಾದುದು’ ಎಂದು ಬರೆಯದೆ ‘ಹೊಂದುವ ಲಕ್ಷಣಗಳು’ ಎಂದು ಬರೆದರು. ಅದು ಸಮಾಧಾನದ ಮಾತಲ್ಲ, ಅಳೆದು ಬರೆದ ಮಾತು. ಕೊನೆಯ ಮಾತನ್ನು ಹೇಳತಕ್ಕವರು, ತೆಗೆದ ಗಂಟನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುವ ವೈದ್ಯರು.

ಸೌಮ್ಯ ಎಂಬ ಮಾತನ್ನೂ ಅತಿಯಾಗಿ ನೆಚ್ಚಬಾರದು. ಅಮೆರಿಕದ ಸೇನಾನಿ ಲೆನರ್ಡ್ ವುಡ್ ಎಂಬುವರ ಕಥೆಯು ವೈದ್ಯಲೋಕದಲ್ಲಿ ಪ್ರಸಿದ್ಧವಾಗಿದೆ. ಅವರ ನೆತ್ತಿಯ ಕೆಳಗೆ ಇಂಥದೇ ಗಂಟು ಬೆಳೆದು ಫಿಟ್ಸ್ ಬರುತ್ತಿದ್ದುವು. ೧೯೧೦ರಲ್ಲಿ ಕುಷಿಂಗ್ ಅವರೇ ಅದನ್ನು ತೆಗೆದರು. ವುಡ್ ಅವರು ಚೇತರಿಸಿಕೊಂಡು ಅದೇ ವರ್ಷ ತಮ್ಮ ದೇಶದ ಸೈನ್ಯದ ಮುಖ್ಯಾಧಿಕಾರಿಯಾದರು. ೧೯೨೦ರಲ್ಲಿ ಅಧ್ಯಕ್ಷಪದವಿಗೆ ತಮ್ಮ ಪಕ್ಷದ ಅಭ್ಯರ್ಥಿಯಾಗಲು ಸೆಣಸಿದರು. ೧೯೨೧ರಿಂದ ಫಿಲಿಪೈನ್ಸ್ ದ್ವೀಪಗಳ ಗವರ್ನರ್ ಜನರಲ್ ಆಗಿದ್ದರು. ಆದರೆ ಗಂಟು ಮತ್ತೆ ಬೆಳೆಯಿತು. ೧೯೨೭ರಲ್ಲಿ ಕುಷಿಂಗ್ ಅವರ ಕೈಯಿಂದ ಮರಳಿ ಶಸ್ತ್ರಚಿಕಿತ್ಸೆಯಾಗಿ, ಆ ಸಂದರ್ಭದಲ್ಲಿಯೇ ತೀರಿಕೊಂಡರು. ಗಂಟನ್ನಷ್ಟೇ ಅಲ್ಲದೆ ಅದು ಅಂಟಿದ ಪೊರೆಯನ್ನೂ, ಕೆಟ್ಟ ಮೂಳೆಯನ್ನೂ ಎಷ್ಟು ಪೂರ್ಣವಾಗಿ ತೆಗೆದರೆ ಮರಳಿ ಬರುವ ಸಂಭವ ಅಷ್ಟು ಕಡಮೆಯೆಂಬುದನ್ನು ೧೯೫೭ರಲ್ಲಿ ಡೊನಾಲ್ಡ್ ಸಿಂಪ್ಸನ್ ಎಂಬುವರು ಲೆಕ್ಕವಿಟ್ಟು ತೋರಿಸಿದರು. ಇಂದಿನ ಶಸ್ತ್ರವೈದ್ಯರು ಚಿತ್ರವನ್ನು ದೀಪಕ್ಕೆ ಹಿಡಿದು ಬಾಲವನ್ನೂ ಮೂಳೆಯನ್ನೂ ಅಷ್ಟು ಹೊತ್ತು ದಿಟ್ಟಿಸುವುದು ಇದಕ್ಕಾಗಿಯೇ. ತೆಗೆದ ಮೇಲೆಯೂ ಕಾಲಕಾಲಕ್ಕೆ ಚಿತ್ರ ತೆಗೆಸುತ್ತಿರಬೇಕೆನ್ನುವುದೂ ಇದಕ್ಕಾಗಿಯೇ.

ಹಾಗೆಂದು ಎಲ್ಲ ಗಂಟುಗಳನ್ನೂ ತೆಗೆಯಬೇಕಾಗಿಲ್ಲ. ಹಾಲೆಂಡಿನ ರಾಟರ್‌ಡ್ಯಾಂ ನಗರದಲ್ಲಿ ೨,೦೦೦ ಮಂದಿ ಸಾಮಾನ್ಯ ಜನರ ತಲೆಯ ಚಿತ್ರ ತೆಗೆದು ೨೦೦೭ರಲ್ಲಿ ಪ್ರಕಟಿಸಿದ ಪರಿಶೋಧನೆಯಲ್ಲಿ, ನೂರಕ್ಕೆ ಹೆಚ್ಚುಕಡಮೆ ಒಬ್ಬರಲ್ಲಿ ತಾವರಿಯದ ಪೊರೆಯ ಗಂಟು ಕಂಡುಬಂದಿತು. ಬೇರಾವುದೋ ತಲೆನೋವಿಗೆಂದು ಚಿತ್ರ ತೆಗೆಸಿದಾಗ ಬೆಳಕಿಗೆ ಬರುವ ಚಿಕ್ಕ ಗಂಟನ್ನು, ಕೆಲವು ತಿಂಗಳ ಮೇಲೆ ಮತ್ತೊಮ್ಮೆ ಚಿತ್ರ ತೆಗೆಸಿ ಹೋಲಿಸುತ್ತ, ಬರಿದೆ ಕಾದಿರುವುದೇ ಅನೇಕ ವೇಳೆ ಸರಿಯಾದ ಮಾರ್ಗ. ಹಳೆಯ ಚಿತ್ರಗಳನ್ನು ಮನೆಯಲ್ಲಿ ಜೋಪಾನವಾಗಿಡಬೇಕೆಂದು ನಾವು ಪದೇ ಪದೇ ಹೇಳುವುದು ಇಂಥದಕ್ಕೇ. ಹೋಲಿಕೆಗೆ ಹಳೆಯದಿಲ್ಲದಿದ್ದರೆ ಬೆಳೆಯಿತೋ ಇಲ್ಲವೋ ಹೇಳುವರಾರು? ಸೋದರಿಯ ಅತ್ತೆಯವರ ಸಂಗತಿ ಬೇರೆ. ಗಂಟು ದೊಡ್ಡದು, ಬಾವು ಇದೆ, ಫಿಟ್ಸ್ ಬಂದಿವೆ. ಇಂಥಲ್ಲಿ ಶಸ್ತ್ರವೈದ್ಯರು ತೆಗೆಯುವುದನ್ನೇ ಸಾಮಾನ್ಯವಾಗಿ ಸೂಚಿಸುವರು. ತಡಮಾಡದೆ ಅವರನ್ನು ಕಾಣಬೇಕೆಂದಷ್ಟೇ ನಾವು ಬರೆದೆವು. ಕಾಗದದ ಮೂಲಕ ಚಿಕಿತ್ಸೆಯನ್ನು ಗೊತ್ತುಮಾಡುವುದು ಈ ಪುಟದ ಪದ್ಧತಿಯಲ್ಲ.

ಈ ಗಂಟು ಗಂಡಸರಿಗಿಂತ ಹೆಂಗಸರಲ್ಲಿ ಇಮ್ಮಡಿಗೂ ಹೆಚ್ಚು. ಸ್ತ್ರೀಶರೀರದ ಪ್ರೊಜೆಸ್ಟರಾನ್ ಎಂಬ ರಸವನ್ನು ಗ್ರಹಿಸುವ ಗುಣವು ಗಂಟಿನ ಕಣಗಳಲ್ಲಿ ಅನೇಕವೇಳೆ ಇರುವುದು. ಮಕ್ಕಳಾಗದಿರಲೆಂದು ತೆಗೆದುಕೊಳ್ಳುವ ಮೆಡ್ರಾಕ್ಸಿಪ್ರೊಜೆಸ್ಟರಾನ್ ಚುಚ್ಚುಮದ್ದನ್ನು ಬಹುಕಾಲ ಬಳಸಿದವರಲ್ಲಿ ಶಸ್ತ್ರಚಿಕಿತ್ಸೆಗೆ ಬಂದ ಗಂಟುಗಳು ಹೆಚ್ಚೆಂದು ಫ್ರಾನ್ಸಿನ ವಿದ್ವಾಂಸರು ೨೦೨೪ರಲ್ಲಿ ಪ್ರಕಟಿಸಿರುವರು. ಒಬ್ಬೊಬ್ಬರಿಗೆ ಅಪಾಯವು ಅಲ್ಪವೇ. ಆದರೂ ವರ್ಷಗಟ್ಟಲೆ ಅದನ್ನು ಪಡೆಯುತ್ತಿರುವವರು ತಮ್ಮ ವೈದ್ಯರೊಡನೆ ಒಮ್ಮೆ ಮಾತನಾಡುವುದು ಒಳ್ಳೆಯದು.

ಇನ್ನು ಮನೆಯೊಳಗಿನ ಕೆಲವು ಮಾತುಗಳು. ಅತ್ತೆಯವರಿಗೆ ವಾಸನೆ ತಿಳಿಯದು; ಗಂಟನ್ನು ತೆಗೆದ ಮೇಲೆ ಮನಸ್ಸಿನ ಮಂಕು ಬಹುಮಟ್ಟಿಗೆ ಕಳೆಯಬಹುದಾದರೂ ಇಷ್ಟು ದೊಡ್ಡ ಗಂಟಿನಲ್ಲಿ ವಾಸನೆ ಮರಳುವುದೆಂದು ಆಸೆ ಕೊಡಲಾರೆವು. ಅಡುಗೆಯ ಗ್ಯಾಸಿಗೆ ಸ್ವಂತ ವಾಸನೆಯಿಲ್ಲ; ಸೋರಿದರೆ ತಿಳಿಯಲೆಂದು ಕೆಟ್ಟ ವಾಸನೆಯ ವಸ್ತುವನ್ನು ಅದಕ್ಕೆ ಬೆರಸುವರು. ಆ ಎಚ್ಚರಿಕೆಯು ಅವರ ಪಾಲಿಗೆ ಇಲ್ಲ. ಆದುದರಿಂದ ಅವರೊಬ್ಬರೇ ಇರುವಾಗ ಸಿಲಿಂಡರಿನ ಬಿರಟೆ ಮುಚ್ಚಿರಬೇಕು. ಮತ್ತೆ ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಕೊಡುವುದು, ಹಲ್ಲಿನ ನಡುವೆ ಚಮಚ ತುರುಕುವುದು ಬೇಡ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಳಿಯಲ್ಲಿರುವ ಪಾತ್ರೆಪಡಗಗಳನ್ನು ಸರಿಸಿ, ಐದು ನಿಮಿಷಕ್ಕೂ ನಿಲ್ಲದಿದ್ದರೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಅತ್ತೆಯವರಿಗೆ ನಿಜವನ್ನು ಹೇಳಬೇಕೇ ಎಂದೂ ಸೋದರಿ ಕೇಳಿರುವರು. ಹೇಳಬೇಕು. ತಲೆ ಅವರದು. ಮಂಕಾಗಿದ್ದಾರೆಂದ ಮಾತ್ರಕ್ಕೆ ತಿಳಿಯಲಾರರೆಂದಲ್ಲ. ‘ಮಿದುಳಿನಲ್ಲಿ ಗಡ್ಡೆ’ ಎನ್ನುವುದಕ್ಕೂ, ‘ಮಿದುಳಿನ ಹೊರಗೆ, ಅದರ ಹೊದಿಕೆಯಲ್ಲಿ ಒಂದು ಗಂಟು, ಅದು ಒತ್ತುತ್ತಿರುವುದರಿಂದಲೇ ನಿಮಗೆ ವಾಸನೆ ತಿಳಿಯದು, ಉತ್ಸಾಹ ಬಾರದು’ ಎನ್ನುವುದಕ್ಕೂ ಎಷ್ಟು ಅಂತರವೆಂಬುದನ್ನು ನೋಡಿರಿ. ಎರಡನೆಯ ಮಾತನ್ನು ಆ ಚಿತ್ರವೇ ನಿಮ್ಮ ಕೈಗೆ ಕೊಟ್ಟಿದೆ.

ಮತ್ತೆ ಚಿತ್ರ ತೆಗೆಸುವ ದಿನ ಲೋಹದ ಒಡವೆಗಳನ್ನೆಲ್ಲ ತೆಗೆದಿಡಬೇಕಾಗುವುದು. ಕಳೆದ ಸಲ ತಾಳಿಯನ್ನು ತೆಗೆಯಬೇಕಾಗಿ ಬಂದಾಗ ಅತ್ತೆಯವರು ಬಹಳ ನೊಂದರಂತೆ. ಅವರು ಅಷ್ಟು ದಿನಗಳಲ್ಲಿ ಬಾಯಿಬಿಟ್ಟು ಆಡಿದ ಮಾತು ಅದೊಂದೇ ಅಂತೆ. ಅರಿಶಿನದ ಕೊಂಬನ್ನು ದಾರದಲ್ಲಿ ಕಟ್ಟಿ ಮನೆಯಲ್ಲಿಯೇ ಕೊರಳಿಗೆ ಹಾಕಿ ಕರೆದೊಯ್ಯಿರಿ. ಅದಕ್ಕೆ ಯಂತ್ರದ ಅಡ್ಡಿಯಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಆಗಲಿ, ಮೈಯಲ್ಲಿ ಹಿಂದಿನ ಶಸ್ತ್ರಚಿಕಿತ್ಸೆಯ ಕ್ಲಿಪ್ಪಾಗಲಿ ಇದ್ದರೆ, ಮೂತ್ರಪಿಂಡದ ವ್ಯಾಧಿಯಿದ್ದರೆ, ಮೊದಲೇ ತಿಳಿಸತಕ್ಕದ್ದು. ಒಳಗೆ ಅರ್ಧ ಗಂಟೆಯಾದರೂ ಅಲುಗದೆ ಮಲಗಿರಬೇಕು. ಡಬಡಬನೆ ಭಾರಿ ಸದ್ದಾಗುವುದು, ಕಿವಿಗೆ ಹತ್ತಿ ಕೊಡುವರು. ಇದನ್ನು ಮೊದಲೇ ಹೇಳಿದ್ದರೆ ಮುದುಕರು ಬೆದರುವುದಿಲ್ಲ.

ಶಸ್ತ್ರವೈದ್ಯರನ್ನು ಕಂಡು ಬಂದ ಮೇಲೆ ಬರೆಯುವುದಾಗಿ ಸೋದರಿಯು ತಿಳಿಸಿರುವರು. ಕೂದಲುದುರುವಿಕೆಯ ಪ್ರಶ್ನೆಗಳಿಗೆ ಮುಂದಿನ ತಿಂಗಳು ಉತ್ತರ ಕೊಡುವೆವು.